ಗಾಲಿಯ ಮೇಲಿನ ಆನೆ, ಗಾಲಿಯ ಮೇಲಿನ ಮನೆ

ಹೆಚ್ಚು ಬೆಲೆ ಹೇಳುವವನ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಅದು ಅವನ ಕಸುಬು, ಅವನ ಹೊಟ್ಟೆಪಾಡು. ನನ್ನ ಮೈ ಉರಿಯುವುದು ಹೇಳಿದ ಬೆಲೆಯನ್ನು ತೆಪ್ಪಗೆ ಕೊಟ್ಟು ಬರುವವನನ್ನು ಕಂಡಾಗ. ಇಂಥವನೊಬ್ಬ ಬೆಳಿಗ್ಗೆ ಅಂಗಡಿಗೆ ಹೋಗಿಬಂದರೆ ಸಾಕು, ಆ ಅಂಗಡಿಕಾರ ಸಂಜೆಯವರೆಗೆ ಕೆಟ್ಟುಹೋಗಿರುತ್ತಾನೆ. ಅವನ ನಂತರ ಹೋದ ನಮ್ಮಂಥವರು ಆ ಸೊಕ್ಕು ಇಳಿಸುವುದಕ್ಕೇ ಅರ್ಧ ತಾಸು ದಂಡ ತೆರಬೇಕು. ಪುಣೆಯ ಬಿಬವೇವಾಡಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಇಂಥವರೇ ತುಂಬಿದ್ದಾರೆ. ಮೊಬೈಲಿನ ಮೇಲೆ ಬೆರಳು ಒತ್ತುತ್ತಾರೆ, ಟೊಮ್ಯಾಟೊ ಬಾಗಿಲಿಗೆ ಬರುತ್ತದೆ. ಯಾರ ಜೊತೆಗೂ ಜಗಳವಾಡದೆ ಮನೆಗೆ ಬಂದ ಟೊಮ್ಯಾಟೊಗೆ ಏನು ರುಚಿ ಇದ್ದೀತು? ಇಂಥವರು ಲಿಫ್ಟಿನಲ್ಲಿ ಸಿಕ್ಕಾಗ ನಾನು ಬುದ್ಧಿ ಹೇಳದೆ ಬಿಡುವುದಿಲ್ಲ. ಈಚೆಗೆ ಹಲವರು ಮೆಟ್ಟಿಲು ಹತ್ತಿ ಹೋಗುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಆರೋಗ್ಯಕ್ಕೆ ಒಳ್ಳೆಯದೇ.

ಇಷ್ಟು ಮಾತಾಡುವ ಹಕ್ಕು ನಿನಗೆಲ್ಲಿಂದ ಬಂತು ಎಂದು ನೀವು ಕೇಳಬಹುದು. ಬೈಲಹೊಂಗಲದಿಂದ ಹೊರಟು ಸ್ವಾರಗೇಟಿನಲ್ಲಿ ಬಸ್ಸಿಳಿದ ಮೊದಲ ದಿನ, ಟ್ರಂಕು ಹೊರಲು ಬಂದ ಹಮಾಲನ ದರ ಕುದುರದೆ, ಅದನ್ನು ನಾನೇ ತಲೆಯ ಮೇಲಿಟ್ಟುಕೊಂಡು ನಡೆದವನು ನಾನು. ಆ ಹಮಾಲನೂ ಹಟಮಾರಿ, ದರ ಇಳಿಸುತ್ತ ಇಳಿಸುತ್ತ ನನ್ನ ಹಿಂದೆಯೇ ಬಂದ. ಕೊನೆಗೆ ನಾನು ಹೇಳಿದ ದರಕ್ಕೆ ಒಪ್ಪಿದ. ಅಷ್ಟರಲ್ಲಿ ನನ್ನ ಬಾಡಿಗೆ ಕೋಣೆ ಬಂದಿತ್ತು. ಅಲ್ಲಿಂದ ಮುಂದೆ ಬೆಳೆದು ಹೋಟೆಲುಗಳಿಗೆ ದೊಡ್ಡ ಪಾತ್ರೆ, ಇಡ್ಲಿ ಸ್ಟ್ಯಾಂಡು, ಒಲೆ ಮಾರುವ ಅಂಗಡಿ ಇಟ್ಟೆ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಕರಾವಳಿಯ ಹೋಟೆಲಿನವರು. ಅವರ ಜೊತೆ ವ್ಯಾಪಾರ ಮಾಡಿ ಬದುಕಿ ಉಳಿದವನು ಜಗತ್ತಿನ ಯಾವ ಸಂತೆಯಲ್ಲೂ ಸಾಯುವುದಿಲ್ಲ. ಒಂದು ಸಾಂಬಾರಿನ ಸೌಟಿನ ಸಲುವಾಗಿ ಮೂರು ದಿನ ಫೋನು ಮಾಡುತ್ತಾರೆ, ನಡುನಡುವೆ ನಮ್ಮ ಮನೆಯವರ ಕ್ಷೇಮ ವಿಚಾರಿಸುತ್ತಾರೆ, ಕಡೆಗೆ ಸೌಟನ್ನು ಪುಕ್ಕಟೆಯಾಗಿ ಒಯ್ದು ನಮಗೇ ಉಪಕಾರ ಮಾಡಿದವರಂತೆ ಹೋಗುತ್ತಾರೆ. ನಾನು ಕಲಿತ ಶಾಲೆ ಅದು.

ಆದರೆ ನನ್ನ ಅರ್ಧ ವಿದ್ಯೆ ನನ್ನದಲ್ಲ, ನನ್ನ ಹೆಂಡತಿ ವಿಮಲಾಳದು. ಪುಣೆಯಲ್ಲಿ ಕನ್ನಡ ಮನೆಮಾತಾಗಿರುವುದರ ಲಾಭವನ್ನು ನಮ್ಮವರು ಇನ್ನೂ ಸರಿಯಾಗಿ ಅರಿತಿಲ್ಲ. ಅಂಗಡಿಕಾರನಿಗೆ ಕೇಳಿಸಬೇಕಾದದ್ದನ್ನು ಮರಾಠಿಯಲ್ಲಿ ಹೇಳಬೇಕು, ಖರೇ ಮಾತನ್ನು ಕನ್ನಡದಲ್ಲಿ. ಇದು ನಮ್ಮ ಮನೆಯ ಕಾನೂನು. ಲಕ್ಷ್ಮಿ ರಸ್ತೆಯ ಸೀರೆ ಅಂಗಡಿಯಲ್ಲಿ ನಮ್ಮವಳು ಸೆರಗನ್ನು ಎರಡು ಬೆರಳಲ್ಲಿ ಎತ್ತಿ, ಇಲಿ ಹಿಡಿದವಳಂತೆ ಮುಖ ಮಾಡಿ, "ನಕೋ ಹೋ, ರಂಗ ಚಾಂಗ್ಲಾ ನಾಹೀ" ಎನ್ನುತ್ತಾಳೆ, ಬೇಡಪ್ಪ, ಬಣ್ಣ ಚೆನ್ನಾಗಿಲ್ಲ ಅಂತ. ಅದೇ ಉಸಿರಿನಲ್ಲಿ, ಅದೇ ಮುಖದಲ್ಲಿ, ನನ್ನ ಕಡೆ ತಿರುಗಿ, "ಭಾಳ ಛಂದ ಅದರೀ, ಬಿಡಬ್ಯಾಡ್ರಿ" ಎನ್ನುತ್ತಾಳೆ. ಅಂಗಡಿಕಾರನಿಗೆ ಎರಡೂ ಬೈಗುಳದ ಹಾಗೆಯೇ ಕೇಳಿಸುತ್ತವೆ. ನಿಮಗೂ ಹೇಳಿಕೊಡುತ್ತೇನೆ, ಕೇಳಿ. 'ನಕೋ' ಅನ್ನುವುದನ್ನು ಮೂರು ಸಲ ಹೇಳಬೇಕು. ಕುಳಿತು ಒಂದು, ಎದ್ದು ನಿಂತು ಒಂದು, ಚಪ್ಪಲಿ ಮೆಟ್ಟಿಕೊಂಡು ಒಂದು. ಮೂರನೆಯದಕ್ಕೆ ಇಳಿಯದ ಬೆಲೆಯನ್ನು ನಾನು ಇದುವರೆಗೆ ಕಂಡಿಲ್ಲ. ಗಂಡನಾದವನು ಆ ಹೊತ್ತಿನಲ್ಲಿ ಪಾಪದ ಪ್ರಾಣಿಯಂತೆ ನಿಲ್ಲಬೇಕು. ಅದು ನನಗೆ ಸಹಜವಾಗಿ ಬರುತ್ತದೆ ಎಂದು ವಿಮಲಾ ಹೇಳುತ್ತಾಳೆ.

ಹೀಗೆ ಚೆನ್ನಾಗಿಯೇ ನಡೆದಿತ್ತು. ಹೋದ ವರ್ಷ ಅಂಗಡಿಯ ಕೀಲಿಕೈ ನನ್ನ ಮಗಳ ಕೈಗೆ ಹೋಯಿತು. ಅವಳು ಮೊದಲ ದಿನವೇ, "ಅಪ್ಪಾ, ನೀವು ಗಿರಾಕಿ ಜೊತಿ ಜಗಳಾ ಮಾಡಿದ್ದು ಸಾಕು, ಅವ್ವನ್ನ ಕರ್ಕೊಂಡು ಊರ ತಿರುಗಾಡ್ರಿ" ಎಂದು ನನ್ನ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಸರಿ, ದೊಡ್ಡ ಗಾಡಿ ತೆಗೆದುಕೊಂಡು ದೇಶ ನೋಡೋಣ ಎಂದು ನಿಶ್ಚಯವಾಯಿತು. ಇಲ್ಲಿ ಒಂದು ಮಾತು. ಇಷ್ಟು ವರ್ಷ ಮದುವೆ, ಮುಂಜಿ, ವ್ಯಾಪಾರ ಅಂತ ನಾನು ಊರೂರು ಅಲೆದರೂ ವಿಮಲಾ ರಸ್ತೆಯ ಮೇಲೆ ನನ್ನ ಜೊತೆ ಬಂದದ್ದು ಕಡಿಮೆ. ಕರೆದಾಗಲೆಲ್ಲ "ನೀವ ಹೋಗಿ ಬರ್ರಿ" ಎನ್ನುತ್ತಿದ್ದಳು. ಅವಳಿಗೆ ತಿರುಗಾಟದ ಹುಚ್ಚಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೆ. ಈ ಸಲ ಮಾತ್ರ ಅವಳು, "ನಾನೂ ಬರ್ತೀನಿ. ಆದರ ಗಾಡಿಯೊಳಗ ಸಂಡಾಸ ಇರಬೇಕು. ಇರಲಿಲ್ಲಂದ್ರ ನೀವ ಹೋಗ್ರಿ" ಎಂದಳು.

ನಾನು ನಕ್ಕೆ. "ಸಂಡಾಸದ ಸಲುವಾಗಿ ಯಾರರೆ ಗಾಡಿ ತಗೋತಾರೇನ?"

"ತಗೊಳ್ಳೂದಿಲ್ಲ. ಅದಕ್ಕ ಇಷ್ಟು ವರ್ಷ ಮನಿಯೊಳಗ ಕೂತೆ" ಎಂದಳು. ಆ ಮಾತನ್ನು ನಾನು ಪುಟಾಣಿ ಸಿಪ್ಪೆಯಂತೆ ಊದಿಬಿಟ್ಟೆ.

ಯಾಕೆಂದರೆ ನನ್ನ ಮನಸ್ಸು ಆಗಲೇ ಒಂದು ಫೋರ್ ಬೈ ಫೋರ್ ಗಾಡಿಯ ಮೇಲೆ ಕುಳಿತಿತ್ತು. ನಾಲ್ಕೂ ಗಾಲಿ ಎಳೆಯುವಂಥದ್ದು. ಎದುರಿಗೆ ಬಂದರೆ ಆನೆ ಬಂದ ಹಾಗೆ ಕಾಣುವಂಥದ್ದು. ಈ ಊರಿನ ರಸ್ತೆಗಳಲ್ಲಿ ಮೂವತ್ತು ವರ್ಷ ನಾನು ಸಣ್ಣ ಕಾರಿನಲ್ಲಿ ಕುಳಿತು ಎಲ್ಲರ ಬಂಪರನ್ನೇ ನೋಡುತ್ತ ಬಂದಿದ್ದೇನೆ; ಒಂದು ಸಲವಾದರೂ ಮೇಲಿನಿಂದ ಕೆಳಗೆ ನೋಡಬೇಕು ಎಂದು ಅನಿಸುವುದು ತಪ್ಪೇ? ಇದನ್ನು ಕೇಳಿದ್ದೇ ಸೊಸೈಟಿಯಲ್ಲಿ ಎಲ್ಲರಿಗೂ ನಾಲಿಗೆ ಬಂತು. ನನ್ನಿಂದ ಬುದ್ಧಿ ಹೇಳಿಸಿಕೊಂಡವರೆಲ್ಲ ಸಾಲ ತೀರಿಸಲು ಬಂದವರಂತೆ ಬಂದರು. ಮೇಲಿನ ಮನೆಯವರು, "ಕಾಕಾ, ಆಫ್ ರೋಡ್ ಎಲ್ಲಿ ಓಡಿಸುತ್ತೀರಿ?" ಎಂದು ಕೇಳಿದರು. ನಮ್ಮ ಗೇಟಿನ ಹೊರಗೇ ಇದೆಯಲ್ಲ! ಪೈಪಿನ ಸಲುವಾಗಿ ಅಗೆದರು, ಮುಚ್ಚಿದರು, ಕೇಬಲ್ಲಿನ ಸಲುವಾಗಿ ಅಗೆದರು, ಮುಚ್ಚುವುದನ್ನು ಮರೆತರು. ಇದು ಆಫ್ ರೋಡ್ ಅಲ್ಲದಿದ್ದರೆ ಮತ್ಯಾವುದು? ಇನ್ನು ಸೊಸೈಟಿಯ ಸೆಕ್ರೆಟರಿ ಟೇಪು ಹಿಡಿದು ನನ್ನ ಪಾರ್ಕಿಂಗ್ ಜಾಗ ಅಳೆದು, ಫೋರ್ ಬೈ ಫೋರ್ ತಂದರೆ ಮೂತಿ ಹೊರಗೆ ಬರುತ್ತದೆ, ಕ್ಯಾಂಪರ್ ವ್ಯಾನ್ ತಂದರೆ ಬಾಲ ಹೊರಗೆ ಬರುತ್ತದೆ, ಎರಡಕ್ಕೂ ಸಭೆಯ ಒಪ್ಪಿಗೆ ಬೇಕು ಎಂದ. ಅವನ ಸ್ವಂತ ಹೊಟ್ಟೆ ಎಷ್ಟು ಹೊರಗೆ ಬಂದಿದೆ ಎಂದು ಯಾವ ಸಭೆಯೂ ಕೇಳಿಲ್ಲ.

ಕ್ಯಾಂಪರ್ ವ್ಯಾನ್ ಎಂದರೆ ಒಳಗೆ ಹಾಸಿಗೆ, ಒಲೆ, ಸಿಂಕು, ಸಂಡಾಸ ಎಲ್ಲ ಇರುವ, ಗಾಲಿಯ ಮೇಲಿನ ಮನೆ. ಎರಡನ್ನೂ ನೋಡಿಕೊಂಡು ಬಂದು ಮನೆಯಲ್ಲಿ ಕುಳಿತು ನಿರ್ಧಾರ ಮಾಡುವುದು ಎಂದು ನಮ್ಮಿಬ್ಬರಲ್ಲಿ ಕರಾರಾಯಿತು. ಮೊದಲು ಊರ ಹೊರಗಿನ ದೇಹೂ ರೋಡಿಗೆ ಹೋದೆವು. ಅಲ್ಲಿ ಸೈನ್ಯದಿಂದ ನಿವೃತ್ತರಾದ ಮರಾಠಿ ಸುಬೇದಾರರೊಬ್ಬರು ಖಾಲಿ ವ್ಯಾನು ತಂದು, ತಗಡಿನ ಷೆಡ್ಡಿನಲ್ಲಿ ನಿಲ್ಲಿಸಿ, ಒಳಗೆ ಮನೆ ಕಟ್ಟಿಕೊಡುತ್ತಾರೆ. ಮೀಸೆ ಇಸ್ತ್ರಿ ಮಾಡಿದ ಹಾಗಿದೆ. ಸಿದ್ಧವಾಗಿ ನಿಂತ ಒಂದು ವ್ಯಾನಿನೊಳಗೆ ವಿಮಲಾ ಹೋದವಳು ಹೊರಗೆ ಬರಲೇ ಇಲ್ಲ. ಹಾಸಿಗೆಯ ಮೇಲೆ ಕುಳಿತಳು, ನಲ್ಲಿ ತಿರುಗಿಸಿದಳು, ಮೂಲೆಯಲ್ಲಿದ್ದ ಸಂಡಾಸದ ಬಾಗಿಲನ್ನು ತೆಗೆದಳು, ಹಾಕಿದಳು, ಒಳಗಿನ ಚಿಲಕವನ್ನು ನಾಲ್ಕು ಸಲ ಎಳೆದು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತು, ಸುಬೇದಾರರ ಮುಖಕ್ಕೇ, ಶುದ್ಧ ಮರಾಠಿಯಲ್ಲಿ, "ಕಿತೀ ಛಾನ್!" ಎಂದಳು.

ಮಾರುವವನ ಮುಂದೆ, ಮಾರುವವನ ಭಾಷೆಯಲ್ಲಿ, ಎಷ್ಟು ಚೆಂದ ಎಂದು ಹೇಳುವುದೇ? ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಅನಾಹುತ ಆಗಿರಲಿಲ್ಲ. ಆದರೂ ಸಾವರಿಸಿಕೊಂಡು ಬೆಲೆ ಕೇಳಿದೆ. ಸುಬೇದಾರರು ಹೇಳಿದರು. ನಾನು ಅರ್ಧಕ್ಕೆ ಕೇಳಿದೆ. ಅದು ಮರ್ಯಾದೆಯ ಆರಂಭ, ಎಲ್ಲರಿಗೂ ಗೊತ್ತಿರುವುದೇ. ಅವರು, "ಏಕಚ ಭಾವ" ಎಂದರು. ಒಂದೇ ದರ. ನಾನು ಎದ್ದು ನಿಂತೆ. ಅವರು ನನ್ನ ಕುರ್ಚಿಯನ್ನು ಒಳಗೆ ಸರಿಸಿಟ್ಟರು. ನಾನು ಗೇಟಿನವರೆಗೆ ನಡೆದೆ. ಹಿಂದಿನಿಂದ ಕರೆಯುತ್ತಾರೆ ಎಂದು ಕಿವಿ ನಿಮಿರಿಸಿದರೆ, ವೆಲ್ಡಿಂಗ್ ಶುರುವಾದ ಸದ್ದು ಕೇಳಿಸಿತು. ಅವಮಾನವೆಂದರೆ ಇದು. ಗಿರಾಕಿ ಸಿಟ್ಟಿನಿಂದ ಎದ್ದು ಹೊರಟಾಗ ನಾಲ್ಕು ಹೆಜ್ಜೆಯಾದರೂ ಹಿಂದೆ ಬರುವ ಸೌಜನ್ಯ ಬೇಡವೇ? ಕಾರಿನಲ್ಲಿ ವಿಮಲಾಳ ಮೇಲೆ ಹರಿಹಾಯ್ದೆ. "ನಿನ್ನ ಬಾಯಿಂದ ರೇಟ್ ಹೋತು! ಒಂದು ನಕೋ ಅನ್ಲಿಕ್ಕೆ ಏನಾಗಿತ್ತು ನಿನಗ?"

"ನನಗ ಅದು ಬೇಕಾಗಿತ್ತಲ್ರೀ" ಎಂದಳು. ಬೇಕಾದದ್ದಕ್ಕೇ ಅಲ್ಲವೇ ಬೇಡ ಎನ್ನಬೇಕಾದ್ದು? ಇಷ್ಟು ಸಾದಾ ಮಾತೂ ಅವಳಿಗೆ ಮರೆತುಹೋಯಿತಲ್ಲ ಎಂದು ನಾನು ದಾರಿಯುದ್ದಕ್ಕೂ ಹಲ್ಲು ಕಡಿದೆ.

ಮರುದಿನ ವಿಮಾನ ನಗರದ ಷೋರೂಮು. ಗಾಜಿನ ಅರಮನೆ. ನಡುವೆ ಕರಿಬಣ್ಣದ ಆ ಆನೆ ನಿಂತಿತ್ತು. ನೋಡಿದ್ದೇ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಮಾರಲು ಬಂದವಳು ಕಪ್ಪು ಕೋಟು ತೊಟ್ಟ ಹೆಣ್ಣುಮಗಳು. ಅವಳು ಹತ್ತಿರ ಬರುವಷ್ಟರಲ್ಲೇ ನಾನು ಕಾನೂನಿನ ಪ್ರಕಾರ ಖರೇ ಮಾತನ್ನು ಕನ್ನಡದಲ್ಲಿ ಗಟ್ಟಿಯಾಗಿಯೇ ಹೇಳಿದೆ: "ಭಾಳ ಜೋರ ಅದ ಇದು, ಬಿಡೂದಿಲ್ಲ ನಾ. ನೀ ಮಾರಿ ಸಪ್ಪಗ ಮಾಡ್ಕೊಂಡು ಕೂಡು."

ಆ ಹೆಣ್ಣುಮಗಳ ಮುಖ ಅರಳಿತು. "ಅಯ್ಯೋ, ಕನ್ನಡದವ್ರಾ ಸರ್ ನೀವು? ನಮ್ದು ತುಮಕೂರು! ಕೂತ್ಕೊಳಿ ಮೇಡಂ, ಕಾಫಿ ತರಿಸ್ಲಾ?"

ಕಾಫಿ ಯಾರಿಗೆ ಬೇಕಾಗಿತ್ತು! ನನ್ನ ಕೋಟೆಯ ಹಿಂಬಾಗಿಲು ತೆರೆದುಹೋಗಿತ್ತು. ತುಮಕೂರಿನವರು ತುಮಕೂರಿನಲ್ಲಿ ಇರಬಾರದೇ? ಆದರೆ ಅನುಭವಿ ಮನುಷ್ಯ ಹೆದರುವುದಿಲ್ಲ. ಇನ್ನು ಮೇಲೆ ಕನ್ನಡವೂ ಮಾರುವವಳ ಕಿವಿಗೇ ಹೋಗುತ್ತದೆ, ಅಂದರೆ ಕನ್ನಡದಲ್ಲಿಯೇ ನಾಟಕ ಮಾಡಬೇಕು ಎಂದು ಕ್ಷಣದಲ್ಲಿ ಲೆಕ್ಕ ಹಾಕಿದೆ. ವಿಮಲಾಳೂ ಅದನ್ನೇ ಲೆಕ್ಕ ಹಾಕಿದಳು ಎಂದು ನಂಬಿದೆ. ನಿನ್ನೆಯ ತಪ್ಪನ್ನು ತೊಳೆದುಕೊಳ್ಳಲು ಟೊಂಕ ಕಟ್ಟಿ ನಿಂತಿದ್ದಾಳೆ ಎಂದು ಸಂತೋಷಪಟ್ಟೆ.

ಗಾಡಿ ಏರಿ ನೋಡಿ ಎಂದಳು ತುಮಕೂರಿನವಳು. ನಾನು ಜೋತುಬಿದ್ದು ಏರಿದೆ. ವಿಮಲಾಳ ಮೊಣಕಾಲು ಒಪ್ಪಲಿಲ್ಲ, ಅವಳಿಗೊಂದು ಪ್ಲಾಸ್ಟಿಕ್ ಸ್ಟೂಲು ತಂದಿಟ್ಟರು. ಸ್ಟೂಲು ಹತ್ತಿ, ಹಿಡಿಕೆ ಹಿಡಿದು, ಒಂದು ಕಾಲು ಒಳಗೆ, ಒಂದು ಹೊರಗೆ ಇಟ್ಟು ನಿಂತವಳು, ಮತ್ತೆ ಕೆಳಗಿಳಿದು ಕುರ್ಚಿಯ ಮೇಲೆ ಕುಳಿತು, "ಬ್ಯಾಡ್ರಿ. ನನಗ ಏರ್ಲಿಕ್ಕೆ ಆಗೂದಿಲ್ಲ" ಎಂದಳು. ಬೆಲೆ ಸ್ವಲ್ಪ ಇಳಿಯಿತು. ನಾನು ಪಾಪದ ಪ್ರಾಣಿಯಾದೆ. ಸ್ವಲ್ಪ ಹೊತ್ತಿನ ಮೇಲೆ ವಿಮಲಾ ಎದ್ದು ನಿಂತು, "ಬ್ಯಾಡ್ರಿ, ಇದರೊಳಗ ನಾ ಎಲ್ಲಿಗೂ ಬರೂದಿಲ್ಲ" ಎಂದಳು. ತುಮಕೂರಿನವಳು ಮ್ಯಾನೇಜರನನ್ನು ಕೇಳಿಕೊಂಡು ಬಂದಳು, ಬೆಲೆ ಇನ್ನಷ್ಟು ಇಳಿಯಿತು, ಸೀಟಿನ ಕವರು ಪುಕ್ಕಟೆ. ಆಗ ವಿಮಲಾ ಬಾಗಿಲವರೆಗೆ ಹೋಗಿ, ಕಾಲೊರೆಸಿನ ಹತ್ತಿರ ಬಿಟ್ಟಿದ್ದ ಚಪ್ಪಲಿಯನ್ನು ಮೆಟ್ಟಿಕೊಂಡು ತಿರುಗಿದಳು. ಷೋರೂಮಿನಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ, ಮೂರನೆಯ ನಕೋಗೆ ಅನುಕೂಲವಾಗಲೆಂದು ನಾವು ಎಲ್ಲೆಡೆ ಬಿಡುತ್ತೇವೆ. "ನಿಮ್ಮ ಕಾಲ ಬೀಳ್ತೀನಿ, ಬ್ಯಾಡ್ರಿ" ಎಂದಳು. ಹೇಳುವಾಗ ಅವಳ ಕಣ್ಣಲ್ಲಿ ನೀರು.

ಖರೇ ಹೇಳುತ್ತೇನೆ, ನಾನು ಒಳಗೊಳಗೇ ಚಪ್ಪಾಳೆ ತಟ್ಟಿದೆ. ಕಣ್ಣೀರು ನಮ್ಮ ಪಾಠದಲ್ಲಿ ಇರಲೇ ಇಲ್ಲ, ಅದು ಅವಳ ಸ್ವಂತ ಸೇರ್ಪಡೆ. ಮ್ಯಾನೇಜರ್ ಸ್ವತಃ ಬಂದ. ಬೆಲೆ ಇಳಿದ ವೇಗ ನೋಡಿ ನನಗೇ ತಲೆ ತಿರುಗಿತು. ಎರಡನ್ನೂ ನೋಡಿ ಮನೆಯಲ್ಲಿ ಕುಳಿತು ನಿರ್ಧರಿಸುವ ಕರಾರು ನನಗೆ ನೆನಪಿರಲಿಲ್ಲ ಎಂದಲ್ಲ. ಆದರೆ ಅಷ್ಟು ಇಳಿದ ಬೆಲೆಯನ್ನು ಅಲ್ಲಿಯೇ ಬಿಟ್ಟು ಬರುವುದೆಂದರೆ ಹೆತ್ತ ಕೂಸನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದಹಾಗೆ. ಬುಕಿಂಗ್ ಹಣ ಕಟ್ಟಿ, ರಸೀದಿ ಕಿಸೆಗೆ ಹಾಕಿಕೊಂಡು ಹೊರಬಿದ್ದೆ.

ಸೇತುವೆ ದಾಟುವ ಹೊತ್ತಿಗೆ ಸಿಗ್ನಲ್ಲು ಕೆಂಪಾಯಿತು. ನಾನು ಉಬ್ಬಿ ಹೇಳಿದೆ, "ಏನ್ ಆಕ್ಟಿಂಗ್ ಮಾಡಿದಿ ಇವತ್ತ! ಕಣ್ಣೀರು ಹೆಂಗ ತಂದಿ?"

"ಆಕ್ಟಿಂಗ್ ಅಲ್ರೀ ಅದು" ಎಂದಳು.

"ಅಂದ್ರ?"

"ಬ್ಯಾಡ ಅಂದ್ರ ಬ್ಯಾಡ ಅಂತ." ನನ್ನ ಕಡೆ ತಿರುಗಿ ಕುಳಿತಳು. "ಲಗ್ನ ಆದ ಮರುವರ್ಷ ಸೋಲಾಪುರಕ್ಕ ಕರ್ಕೊಂಡ ಹೋಗಿದ್ರಿ. ಮುಂಜಾನಿಂದ ನಾ ಒಂದು ಗುಟುಕು ನೀರು ಕುಡಿದಿದ್ದಿಲ್ಲ, ದಾರಿಯೊಳಗ ಎಲ್ಲಿ ಹೋಗೂದು ಅಂತ. ಕಡೀಕ ತಡೀಲಿಕ್ಕಾಗದ ಒಂದು ಢಾಬಾದ ಹಿಂದ ಹೋದೆ. ಸಂಡಾಸಕ್ಕ ಬಾಗಲಾ ಇದ್ದಿದ್ದಿಲ್ಲ. ಸೀರಿ ಸೆರಗು ಅಡ್ಡ ಹಿಡ್ಕೊಂಡು ನಿಮ್ಮನ್ನ ಕೂಗಿದೆ. ನೀವು ಮುಂದ ನಿಂತು ಚಹಾದ ರೇಟ್ ಇಳಸ್ಲಿಕ್ಕತ್ತಿದ್ರಿ. ಆಮ್ಯಾಲ ಎಂಟು ದಿನ ಜ್ವರ ಬಂತು, ಡಾಕ್ಟರ್ ನೀರು ಕುಡೀರಿ ಅಂತ ಬೈದರು. ಅವತ್ತಿಂದ ಇವತ್ತಿನ ತನಕಾ ನಿಮ್ಮ ಜೋಡಿ ದೂರ ಬಂದಿಲ್ಲ. ತಿರುಗಾಟದ ಹುಚ್ಚಿಲ್ಲ ಅಂತ ಮಂದಿಗೆ ಹೇಳ್ತೀರಿ. ನನಗ ಸಮುದ್ರ ನೋಡೂದದ, ಹಂಪಿ ನೋಡೂದದ. ಯಾರ ಮುಂದ ಹೇಳ್ಲಿ?"

ಆ ಢಾಬಾದ ಚಹಾ ನನಗೆ ಚೆನ್ನಾಗಿ ನೆನಪಿತ್ತು. ಎರಡು ಕಪ್ಪಿನ ಬೆಲೆಗೆ ಮೂರು ತಂದಿದ್ದೆ. ಮೂರನ್ನೂ ನಾನೇ ಕುಡಿದಿದ್ದೆ, ಅವಳು ಬೇಡ ಎಂದಿದ್ದಳು.

ಹಿಂದಿನವನು ಹಾರ್ನ್ ಬಾರಿಸಿದ. ಸಿಗ್ನಲ್ಲು ಹಸಿರಾಗಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಅವನಿಗೆ ಮರಾಠಿಯಲ್ಲಿ ಬೈದೆ, ಪಕ್ಕದ ರಿಕ್ಷಾದವನಿಗೂ ಒಂದಿಷ್ಟು ಬೈದೆ. ಬಂದ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ. ಕೊನೆಗೆ ಅವಳ ಮೇಲೆಯೇ, "ಅಲ್ಲೇ ಬಾಯಿಬಿಟ್ಟು ಹೇಳಬೇಕಿಲ್ಲೇನು?" ಎಂದು ಕೂಗಿದೆ.

"ಮೂರು ಸಲ ಹೇಳಿದೆ" ಎಂದಳು ವಿಮಲಾ. "ಕೂತು ಒಂದು, ನಿಂತು ಒಂದು, ಚಪ್ಪಲಿ ಹಾಕ್ಕೊಂಡು ಒಂದು. ಇನ್ನೂ ಹೆಂಗ ಹೇಳ್ತಾರ ಅನ್ನೂದನ್ನ ನೀವು ಕಲಿಸಿಲ್ಲ."

ಮರುದಿನ ಒಬ್ಬನೇ ಷೋರೂಮಿಗೆ ಹೋದೆ. ಬುಕಿಂಗ್ ರದ್ದು ಮಾಡಲು ಮರಾಠಿಯಲ್ಲಿ ಕೂಗಿದೆ, ಹಿಂದಿಯಲ್ಲಿ ಕೂಗಿದೆ, ಕನ್ನಡದಲ್ಲಿ ಗಂಟಲು ಒಡೆದುಕೊಂಡೆ. ಹಣದಲ್ಲಿ ಒಂದು ಪಾಲು ಮುಳುಗಿತು. ತುಮಕೂರಿನ ಹೆಣ್ಣುಮಗಳು ಎಲ್ಲವನ್ನೂ ಕೇಳಿಸಿಕೊಂಡು, ನನಗೊಂದು ಲೋಟ ನೀರು ಕೊಟ್ಟು ಹೇಳಿದಳು: "ಸರ್, ದಿನಾ ಇಲ್ಲಿ ಎಷ್ಟೋ ಜನ ಬೇಡ ಬೇಡ ಅಂತ ನಾಟಕ ಆಡ್ತಾರೆ. ಅದಕ್ಕೆಲ್ಲ ನಾವು ರೇಟ್ ಇಳಿಸಲ್ಲ. ಮೇಡಂ ನಿಜವಾಗ್ಲೂ ಬೇಡ ಅಂತಿದ್ರು, ಅದಕ್ಕೇ ಅಷ್ಟು ಇಳಿಸಿದ್ವಿ. ಅದು ನಿಮಗೂ ಗೊತ್ತಾಗಿದೆ ಅಂದ್ಕೊಂಡಿದ್ದೆ."

ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ. ನಾನು ಜೀವಮಾನದಲ್ಲಿ ಪಡೆದ ಅತಿ ದೊಡ್ಡ ಇಳಿಕೆ ನನ್ನ ವಿದ್ಯೆಯಿಂದ ಬಂದದ್ದಲ್ಲ, ನಾನು ಕೇಳಿಸಿಕೊಳ್ಳದ ಒಂದು ಮಾತಿನಿಂದ ಬಂದದ್ದು! ನಿನ್ನೆ ಮೊನ್ನೆ ಕಂಡ ತುಮಕೂರಿನವಳಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕು ಎಂದು ಹುಡುಕುತ್ತ, ಅಲ್ಲಿಂದ ನೆಟ್ಟಗೆ ದೇಹೂ ರೋಡಿಗೆ ಗಾಡಿ ಓಡಿಸಿದೆ.

ಸುಬೇದಾರರು ವೆಲ್ಡಿಂಗ್ ನಿಲ್ಲಿಸಿ ಕನ್ನಡಕ ಮೇಲೆತ್ತಿದರು. ನನ್ನ ನಾಲಿಗೆ ತುರಿಸುತ್ತಿತ್ತು. ಕಚ್ಚಿ ಹಿಡಿದುಕೊಂಡೆ. "ನಿಮ್ಮ ದರಕ್ಕೇ ಮಾಡಿಕೊಡಿ" ಎಂದೆ. ಆ ಮನುಷ್ಯನಿಗೆ ಸಂತೋಷವಾದ ಲಕ್ಷಣವೇ ಕಾಣಲಿಲ್ಲ. ಒಂದು ಕಾಗದ ತೆಗೆದು ಪ್ರಶ್ನೆ ಕೇಳತೊಡಗಿದರು. ಇಲ್ಲಿಯವರೆಗೆ ಬಂದ ಸಿಟ್ಟೆಲ್ಲ ಏನೂ ಅಲ್ಲ, ಈ ಪ್ರಶ್ನೆಗಳಿಗೆ ಬಂದದ್ದೇ ಬೇರೆ. ವಹಿನಿ, ಅಂದರೆ ನಮ್ಮ ವಿಮಲಾ, ಯಾವ ಮಗ್ಗುಲಿಗೆ ಮಲಗುತ್ತಾರೆ? ಗೊತ್ತಿಲ್ಲ. ಒಲೆ ಎಷ್ಟು ಎತ್ತರ ಬೇಕು? ಊರಿನ ಹೋಟೆಲುಗಳಿಗೆಲ್ಲ ಒಲೆಯ ಎತ್ತರ ಹೇಳಿದವನು ನಾನು, ನನ್ನ ಮನೆಯ ಒಲೆ ಎಷ್ಟು ಎತ್ತರವಿದೆ ಎಂದು ಹೊಳೆಯಲಿಲ್ಲ. ಮೊಣಕಾಲು ನೋವು ಎಡಗಡೆಯೋ ಬಲಗಡೆಯೋ? ಹಿಡಿಕೆ ಆ ಕಡೆಗೆ ಹಾಕಬೇಕಂತೆ. ಎಡ ಎಂದೆ. ಆಮೇಲೆ ಬಲ ಎಂದೆ. ಕಾಲು ಎಷ್ಟು ಎತ್ತರ ಎತ್ತುತ್ತಾರೆ, ಮೆಟ್ಟಿಲು ಅಷ್ಟಕ್ಕೇ ಕೂಡಿಸಬೇಕು ಎಂದರು. ನಾನು ಷೆಡ್ಡಿನ ತಗಡು ನೋಡಿದೆ. ಸುಬೇದಾರರು ಪೆನ್ನಿನ ಮುಚ್ಚಳ ಹಾಕಿದರು. ಅಳತೆಯ ಟೇಪೊಂದನ್ನು ನನ್ನ ಕೈಗೆ ಕೊಟ್ಟು, ಸಿಪಾಯಿಗೆ ಹೇಳಿದ ಹಾಗೆ ಹೇಳಿದರು: "ಮೊದಲು ಮನೆಗೆ ಹೋಗಿ ಅಳೆದುಕೊಂಡು ಬನ್ನಿ. ದುಡ್ಡು ಆಮೇಲೆ."

ಹೀಗಾಗಿ ಅಂದು ಸಂಜೆ ನಾನು ನಮ್ಮ ಹಾಲಿನಲ್ಲಿ, ಮೊಣಕಾಲೂರಿ, ವಿಮಲಾಳ ಪಾದದ ಹತ್ತಿರ ಟೇಪು ಹಿಡಿದು ಕುಳಿತಿದ್ದೆ. ಅವಳು ಗೋಡೆ ಹಿಡಿದುಕೊಂಡು ಕಾಲೆತ್ತಿದಳು. ನೋವು ಬಲಗಡೆಯದು ಎಂದು ಆಗ ತಿಳಿಯಿತು. ಎಷ್ಟೋ ವರ್ಷದಿಂದ ಬಲಗಡೆಯದೇ ಅಂತೆ.

"ಒಂಬತ್ತು ಇಂಚು" ಎಂದೆ.

"ಎಲ್ಲಿಯ ಒಂಬತ್ತು? ಏಳು" ಎಂದಳು.

"ಎಂಟು ಆಗ್ತದ ನೋಡು, ಸ್ವಲ್ಪ ಎತ್ತು."

"ಏಳರೀ" ಎಂದು ಕಾಲು ಕೆಳಗಿಟ್ಟಳು.

ಏಳು ಎಂದು ಬರೆದುಕೊಂಡೆ. ಏಳೂವರೆ ಎಂದು ಬರೆಯಲು ಕೈ ಹೋಗಿತ್ತು, ಸುಳ್ಳು ಯಾಕೆ ಹೇಳಲಿ. ಅವಳು ಮೇಲಿನಿಂದ ಬಗ್ಗಿ ಚೀಟಿಯನ್ನೇ ನೋಡುತ್ತಿದ್ದಳು.